ಕಣ್ಣಿನ ಲೆಕ್ಕ

ದೋಸಿಂದಾಳ ಮನೆಗೆ ನಾನು ಹೋದದ್ದು ಅದು ಮೂರನೆಯ ಸಲ.
ಗಲೀಸಿಯದ ಆ ಬಂದರಿನ ಓಣಿಯಲ್ಲಿ ವ್ಯಾನಿಗೆ ಜಾಗವಿಲ್ಲ,
ಮೀನಿನ ಪೆಟ್ಟಿಗೆಗಳ ನಡುವೆ ಏಣಿ ಹೊತ್ತು ನಡೆದೆ.
"ಬಂದೆಯಾ ಬ್ರಾಯ್ಸ್," ಅಂದಳು, ತಲೆ ಎತ್ತಲಿಲ್ಲ.
ಹಲ್ಲಿನಲ್ಲಿ ಹಸಿರು ದಾರ, ಹೆಬ್ಬೆರಳಿಗೆ ಸಿಕ್ಕಿಸಿದ ಹರಕು ಬಲೆ.

ಗೋಡೆ ಕಗ್ಗಲ್ಲಿನದು. ಕೈಯಿಟ್ಟು ಅಳೆದೆ:
ಒಂದು ಮೊಳ, ಅದರ ಮೇಲೊಂದು ಗೇಣು.
ಕಡಲು ಒಳಬರದಿರಲಿ ಎಂದು ಅವಳ ಮುತ್ತಜ್ಜ ಕಟ್ಟಿದ್ದು;
ಕಡಲಿಗೆ ಕೊಟ್ಟ ಉತ್ತರವನ್ನೇ ನನಗೂ ಕೊಡುತ್ತದೆ.

ಮಹಡಿಯಲ್ಲಿ ಇರಿಯಾ, ತಂಗಿಯ ಮಗಳು,
ಕಿವಿ ಕೇಳದವರಿಗೆ ಪರದೆಯಲ್ಲಿ ಕೈಯಿಂದ ಮಾತಾಡುವವಳು.
ವೈದ್ಯರು ಹೇಳಿದ್ದು ಅವಳ ಬೆರಳಿಗೆ ಬಂದು
ಅಲ್ಲಿಂದ ಇನ್ಯಾರದೋ ಕಣ್ಣಿಗೆ.
ಮೊನ್ನೆ ಚಿತ್ರ ನಿಂತುಹೋಯಿತಂತೆ.
"ಗಡ್ಡೆ" ಎಂಬಲ್ಲಿ ಕೈ ಗಾಳಿಯಲ್ಲೇ ಉಳಿಯಿತು,
"ಅಪಾಯವಿಲ್ಲ" ತಲುಪುವಷ್ಟರಲ್ಲಿ
ಹನ್ನೊಂದು ಸೆಕೆಂಡು.
ಆಚೆ ಕೂತ ಮುದುಕ ಅಷ್ಟರಲ್ಲಿ
ತನ್ನ ದೋಣಿಯನ್ನು ಯಾರ್‍ಯಾರಿಗೆ ಕೊಟ್ಟು ಮುಗಿಸಿದ್ದನೋ.

"ಎರಡು ಅಲೆ ಇವೆ," ಅಂದೆ, ರೌಟರ್ ತೋರಿಸಿ.
"ಎರಡು ಪಾಯಿಂಟ್ ನಾಲ್ಕು, ನಿಧಾನ, ಗೋಡೆಗೆ ಹೆದರುವುದಿಲ್ಲ.
ಆದರೆ ಓಣಿಗೆ ಓಣಿಯೇ ಅದರಲ್ಲಿ:
ಬೇಕರಿಯ ಕ್ಯಾಮೆರಾ, ಪಾದ್ರಿಯ ಪ್ರಿಂಟರ್,
ಯಾರದೋ ಕೂಸಿನ ಉಸಿರು ಕೇಳಿಸುವ ಪೆಟ್ಟಿಗೆ.
ನಿನ್ನ ಮೈಕ್ರೋವೇವ್ ಕೂಡ ಸಾರು ಕಾಯಿಸುತ್ತ ಅಲ್ಲೇ ಗೊಣಗುತ್ತದೆ.
ಐದು ಓಟಗಾರ. ಬಯಲಲ್ಲಿ ಕೈಗೆ ಸಿಗದು,
ಕಲ್ಲು ಕಂಡಿತೋ, ಕೂತುಬಿಡುತ್ತದೆ.
ಈವರೆಗೆ ಎರಡಕ್ಕೂ ಒಂದೇ ಹೆಸರಿತ್ತು,
ಇರಿಯಾಳ ಯಂತ್ರ ತನಗೆ ಸುಲಭವಾದದ್ದನ್ನು ಹಿಡಿಯುತ್ತಿತ್ತು."

"ಕಣ್ಣಿನ ಲೆಕ್ಕ ಅನ್ನು," ಎಂದು ಬಲೆ ಎತ್ತಿ ಹಿಡಿದಳು,
ತೂತುಗಳಲ್ಲಿ ಅವಳ ಮುಖ ಚೌಕ ಚೌಕ.
"ದೊಡ್ಡ ಕಣ್ಣಿನದು ದೂರ ಹೋಗುತ್ತೆ, ನೀರು ತಡೆಯಲ್ಲ,
ಸಣ್ಣ ಮೀನು ಜಾರುತ್ತೆ, ಜಾರಲಿ.
ಸಣ್ಣ ಕಣ್ಣು ಒಂದನ್ನೂ ಬಿಡಲ್ಲ,
ಆದರೆ ಭಾರ. ದಂಡೆಯ ಹತ್ತಿರವೇ ಬೀಸಬೇಕು.
ನಮ್ಮಪ್ಪ ಎರಡನ್ನೂ ಒಂದೇ ಗೂಟಕ್ಕೆ ನೇತುಹಾಕಿದ ಒಂದು ಸಲ.
ಬಿಡಿಸೋಕೆ ಒಂದು ಚಳಿಗಾಲ ಹೋಯಿತು."

ಗೋಡೆ ಕೊರೆಯಲು ಬಿಡಲಿಲ್ಲ.
ಹಿಂದೆ ಬಲೆಗಳನ್ನು ಅಟ್ಟಕ್ಕೆ ಎಳೆಯುತ್ತಿದ್ದ ಕಂಡಿಯೊಂದಿದೆ,
ಅದರಲ್ಲೇ ತಂತಿ ಏರಿಸಿದೆ, ಹಳೆಯ ಉಪ್ಪು ಕಣ್ಣಿಗೆ ಉದುರುತ್ತ.
ಇರಿಯಾಳ ಮೇಜಿನ ಪಕ್ಕ ಇನ್ನೊಂದು ಪೆಟ್ಟಿಗೆ, ಐದರದು.
ಕೆಳಗೆ ಅಡುಗೆಮನೆಗೆ, ರೇಡಿಯೋಗೆ, ಅವಳ ಫೋನಿಗೆ ಹಳೆಯದೇ ಸಾಕು.

ಸ್ವಿಚ್ ಒತ್ತಿದೆ. ಏನೂ ಇಲ್ಲ.
"ಕೆಟ್ಟಿತಾ?"
"ಇಲ್ಲ. ಕಿವಿಗೊಟ್ಟಿದೆ.
ಬೆಟ್ಟದ ಮೇಲೆ ಮಳೆ ನೋಡುವ ರಾಡಾರ್ ಇದೆಯಲ್ಲ,
ಅದರ ದಾರಿಯೂ ಇದೇ ಸೀಮೆಯದು.
ಅದು ಮಾತಾಡುತ್ತಿದ್ದರೆ ಇದು ಬಾಯಿ ಬಿಡಬಾರದು.
ಮೊದಲು ಆಲಿಸಬೇಕು. ಕಾನೂನು."
"ಈ ಓಣಿಗೂ ತರಬಾರದೇ ಅಂಥದ್ದೊಂದು," ಅಂದಳು ದೋಸಿಂದಾ.

ಆಮೇಲೆ ನಾವೂ ಸುಮ್ಮನಾದೆವು, ಯಾಕೋ.
ಒಂದು ದೋಣಿ ಇಂಜಿನ್ ಆರಿಸಿತು.
ಕಂಡಿಯಿಂದ ಇಳಿದ ತಂತಿ ಅಲುಗುತ್ತಲೇ ಇತ್ತು.

ಹಸಿರು ದೀಪ.
ಇರಿಯಾ ಮೇಲಿನಿಂದ ಕರೆ ಮಾಡಿದಳು, ಪರೀಕ್ಷೆಗೆಂದು,
ದೋಸಿಂದಾಳ ಫೋನಿನಲ್ಲಿ ಎರಡು ಕೈ ಮೂಡಿದವು.
ಏನೋ ಹೇಳಿದವು, ಚುರುಕಾಗಿ, ಎಲ್ಲೂ ತಡವರಿಸದೆ.
ಇವಳು ಸೂಜಿಯನ್ನು ತೊಡೆಯ ಮೇಲಿಟ್ಟು
ಕೈಯಲ್ಲೇ ಉತ್ತರ ಕೊಟ್ಟಳು: ದಪ್ಪ ಬೆರಳು, ಗಂಟು ಬಿದ್ದ ಬೆರಳು,
ನಿಧಾನ, ಒಂದೊಂದಾಗಿ,
ಗೋಡೆ ದಾಟುವ ಅಲೆಯ ಹಾಗೆ.
ಇವಳಿಗೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಏನೆಂದರು, ಕೇಳಲಿಲ್ಲ.
ಬಿಲ್ಲಿನಲ್ಲಿ ಬರೆದೆ: ತಂತಿ ಒಂಬತ್ತು ಮೀಟರ್, ಪೆಟ್ಟಿಗೆ ಒಂದು.
ಹೆಸರು ಎರಡು.